ಉಪಗ್ರಹ ರೇಡಿಯೋ ಬರಹಕ್ಕೆ ಪದ ಬೇಕು: ರಿಸೀವರ್, ಪೋರ್ಟಬಲ್, ಮತ್ತೆ ಆಂಟೆನಾ ‘ತೋರಿಸುವುದು’

ಎಲ್ಲರಿಗೂ ನಮಸ್ಕಾರ.

ವರ್ಲ್ಡ್‌ಸ್ಪೇಸ್ ನೆನಪಿದೆಯಾ? 2000ದ ಮಾರ್ಚ್‌ನಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ನೇರವಾಗಿ ಮನೆಯ ಸೆಟ್ಟಿಗೆ ಬರುತ್ತಿದ್ದ ರೇಡಿಯೋ. ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಂಧರ್ವ’ ಅಂತ ಚಾನೆಲ್‌ಗಳಿದ್ದವು. ಭಾರತದಲ್ಲಿ ಅದು 2009ರ ಡಿಸೆಂಬರ್ 31ಕ್ಕೆ ನಿಂತಿತು. ಆ ಸೆಟ್ಟನ್ನು ಉಡುಪಿಯ ನಮ್ಮ ಮನೆಯಲ್ಲಿ ಹಾಕಿ ನೋಡಿದ ಬಗ್ಗೆ ಈಗ ಒಂದು ಬರಹ ಮಾಡುತ್ತಿದ್ದೇನೆ. ಹೈಸ್ಕೂಲು ಮಕ್ಕಳಿಗೂ ಅರ್ಥವಾಗಬೇಕು, ರೇಡಿಯೋ ಕೇಳುತ್ತಲೇ ವಯಸ್ಸಾದವರಿಗೂ ಸರಿ ಅನ್ನಿಸಬೇಕು. ಕೆಲವು ಪದಗಳಲ್ಲಿ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲು ‘ರಿಸೀವರ್’. ವಿಜ್ಞಾನದ ಬರಹಗಳಲ್ಲಿ ಇದಕ್ಕೆ ‘ಗ್ರಾಹಕ’ ಅಂತ ಬಳಸುತ್ತಾರೆ. ಆದರೆ ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ಗ್ರಾಹಕ ಅಂದರೆ ನಾವೇ ಅಲ್ವಾ? ವರ್ಲ್ಡ್‌ಸ್ಪೇಸ್‌ಗೆ ಚಂದಾ ಬೇರೆ ಕಟ್ಟಬೇಕಿತ್ತು. ‘ಉಪಗ್ರಹ ರೇಡಿಯೋ ಗ್ರಾಹಕ’ ಅಂತ ಬರೆದರೆ ಚಂದಾ ಕಟ್ಟಿದ ಮನುಷ್ಯನೇ ಕಣ್ಣಮುಂದೆ ಬರುತ್ತಾನೆ. ಗ್ರಹ, ಗ್ರಹಣ, ಗ್ರಾಹಕ ಎಲ್ಲ ‘ಹಿಡಿ’ ಎಂಬ ಅರ್ಥದ ಒಂದೇ ಧಾತುವಿನಿಂದ ಬಂದವು, ಆ ಲೆಕ್ಕದಲ್ಲಿ ಪದ ಸರಿಯೇ. ಓದುವವರು ಧಾತು ನೋಡಿಕೊಂಡು ಓದುವುದಿಲ್ಲವಲ್ಲ. ಹೋಗಲಿ ‘ರಿಸೀವರ್’ ಅಂತಲೇ ಇಡೋಣ ಅಂದರೆ, ಲ್ಯಾಂಡ್‌ಲೈನ್ ಕಾಲದವರಿಗೆ ಅದು ಫೋನಿನ ಕಿವಿಗಿಡುವ ಭಾಗ. ಹಾಗಾಗಿ ನಾನು ‘ಸೆಟ್’ ಅಂತಲೇ ಬರೆದಿದ್ದೇನೆ. ರೇಡಿಯೋ ಸೆಟ್ ಅಂದರೆ ಗೊತ್ತಿಲ್ಲದ ಹಿರಿಯರಿಲ್ಲ. ಮಕ್ಕಳಿಗೆ ಹೊಸದಾದರೂ ಒಂದು ಸಾಲಿನಲ್ಲಿ ಹೇಳಿಬಿಡಬಹುದು.

‘ಪೋರ್ಟಬಲ್’ಗೆ ‘ಸಾಗಿಸಬಹುದಾದ’ ಅಂತ ಹಾಕಿದರೆ ಲಾರಿಗೆ ಏರಿಸುವ ಸಾಮಾನಿನ ಹಾಗೆ ಕೇಳುತ್ತದೆ. ನಮ್ಮ ಕಡೆ ಕೈಯಲ್ಲಿ ಒಯ್ಯುವ ರೇಡಿಯೋಕ್ಕೆಲ್ಲ ‘ಟ್ರಾನ್ಸಿಸ್ಟರ್’ ಅನ್ನುತ್ತಿದ್ದರು. ಗದ್ದೆಯ ಹುಣಿಯ ಮೇಲೆ, ಬೀಡಿ ಕಟ್ಟುವ ಜಗಲಿಯಲ್ಲಿ, ಎಲ್ಲ ಕಡೆ ಅದೇ ಹೆಸರು. ‘ಉಪಗ್ರಹ ಟ್ರಾನ್ಸಿಸ್ಟರ್’ ಅನ್ನಬಹುದಾ? ಒಂದು ಅಡ್ಡಿ ಇದೆ. ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ನಡೆಯುತ್ತಾ ಕೇಳಬಹುದಿತ್ತು. ಈ ಸೆಟ್ಟನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಒಯ್ಯುತ್ತಾ ಕೇಳುವುದು ಮಾತ್ರ ಆಗುವುದಿಲ್ಲ.

ಯಾಕೆ ಅಂತ ಹೇಳಲು ಹೋದಾಗಲೇ ನನ್ನ ನಿಜವಾದ ಪ್ರಶ್ನೆ ಬರುವುದು.

ಸೆಟ್ಟಿನ ಆಂಟೆನಾ ಅಂಗೈಯಗಲದ ಒಂದು ಚೌಕ ಹಲಗೆ. ಸೆಟ್ಟಿನಿಂದ ಬಿಡಿಸಿ, ವಯರ್ ಕೊಟ್ಟು ದೂರ ಇಡಬಹುದು. ಏಷ್ಯಾಸ್ಟಾರ್ ನಿಂತಿದ್ದದ್ದು ಭೂಮಧ್ಯರೇಖೆಯ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಉಡುಪಿ, ಮಂಗಳೂರಿನಿಂದ ನೋಡಿದರೆ ಅದು ಮೂಡು ದಿಕ್ಕು, ಸ್ವಲ್ಪ ತೆಂಕಕ್ಕೆ ವಾಲಿದ ಹಾಗೆ, ನೆಲದಿಂದ ಸುಮಾರು 50 ಡಿಗ್ರಿ ಮೇಲೆ. ಮಾರ್ಚ್ ನಡುವಿನಲ್ಲಿ ಬೆಳಗ್ಗೆ ಹತ್ತೂಕಾಲರ ಹೊತ್ತಿಗೆ ಸೂರ್ಯ ಇರುವ ಜಾಗ ಹೆಚ್ಚುಕಡಿಮೆ ಅದೇ. ಸಮುದ್ರ ಇರುವುದು ಪಡುವಿಗೆ, ಹಾಗಾಗಿ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಅಷ್ಟು ಎತ್ತರಕ್ಕೆ ಘಟ್ಟ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ತೆಂಗಿನ ಮಡಲು, ಮಾಡಿನ ಅಂಚು.

ಬ್ರಹ್ಮಾವರದ ಟವರ್‌ನಿಂದ 1089 ಕಿಲೋಹರ್ಟ್ಸ್‌ನಲ್ಲಿ ಬರುತ್ತಿದ್ದ ಮಂಗಳೂರು ಆಕಾಶವಾಣಿಗೆ ಇದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಅದರ ಅಲೆಯ ಉದ್ದ 275 ಮೀಟರ್ ಹತ್ತಿರ. ಗುಡ್ಡ, ಮನೆ, ಮರ ದಾಟಿ ಅಡುಗೆಮನೆಯ ಮೂಲೆಗೂ ಬರುತ್ತಿತ್ತು. ವರ್ಲ್ಡ್‌ಸ್ಪೇಸ್ ಬರುತ್ತಿದ್ದದ್ದು 1467ರಿಂದ 1492 ಮೆಗಾಹರ್ಟ್ಸ್ ಒಳಗೆ, ಅಲೆಯ ಉದ್ದ 20 ಸೆಂಟಿಮೀಟರ್ ಅಷ್ಟೇ. ಮಳೆ ಅದಕ್ಕೆ ತೊಂದರೆ ಕೊಡದು. ಮಳೆಯಲ್ಲಿ ನೆನೆದ ಮಡಲು ಮಾತ್ರ ತಡೆದುಬಿಡುತ್ತದೆ.

ಹಳೆ ರೇಡಿಯೋದಲ್ಲಿ ತಿರುಪು ತಿರುಗಿಸಿ, ಮುಳ್ಳು ಸರಿಸಿ ‘ಸ್ಟೇಷನ್ ಹಿಡಿಯುತ್ತಿದ್ದೆವು’. ಈ ಸೆಟ್ಟಿನಲ್ಲಿ ಕೆಲಸ ಎರಡು. ಚಾನೆಲ್ ಆರಿಸುವುದು ಬಟನ್ ಒತ್ತಿದರೆ ಆಯಿತು, ಅದಕ್ಕೆ ‘ಹಾಕು’ ಸಾಕು. ಅದಕ್ಕಿಂತ ಮೊದಲು ಹಲಗೆಯನ್ನು ಉಪಗ್ರಹದ ಕಡೆ ಸರಿಯಾಗಿ ತಿರುಗಿಸಿ ನಿಲ್ಲಿಸಬೇಕು. ಈ ಕೆಲಸಕ್ಕೆ ಕ್ರಿಯಾಪದ ಯಾವುದು? ‘ಉಪಗ್ರಹ ಹಿಡಿ’ ಅಂದರೆ ‘ಹಲಗೆ ಹಿಡಿ’ ಎಂಬುದರ ಜೊತೆ ಗೊಂದಲ. ‘ಗುರಿಯಿಡು’ ಅಂದರೆ ಕೋವಿ ಕೈಗೆ ಬಂತು. ‘ಮುಖ ಮಾಡಿಸು’ ಪರವಾಗಿಲ್ಲ, ಆದರೆ ಎಷ್ಟು ಎತ್ತಬೇಕು ಎಂಬುದು ಅದರಲ್ಲಿ ಬರುವುದಿಲ್ಲ.

ಮನೆಯಲ್ಲಿ ಆಗ ಬಂದ ಮಾತು ಬೇರೆಯೇ. ನಾನು ಅಂಗಳದಲ್ಲಿ ಹಲಗೆ ಹಿಡಿದು ನಿಂತಿದ್ದೆ. ಚಿಕ್ಕಮ್ಮ ಚಾವಡಿಯಲ್ಲಿ ಸೆಟ್ಟಿನ ಪರದೆಯ ಗೆರೆಗಳನ್ನು ನೋಡುತ್ತಾ ಹೇಳುತ್ತಿದ್ದರು: “ಇನ್ನೂ ಸ್ವಲ್ಪ ಮೂಡು ಬದಿಗೆ ತೋರಿಸು… ಮೇಲಕ್ಕೆ ತೋರಿಸು… ಹಾಂ, ಸಿಕ್ಕಿತು, ಅಲ್ಲೇ ಇಡು.” ನನಗೆ ಈ ‘ತೋರಿಸು’ ತುಂಬ ಹಿಡಿಸಿತು. ಹಾಸಿಗೆ ಬಿಸಿಲಿಗೆ ತೋರಿಸುತ್ತೇವೆ. ಹಪ್ಪಳ ಕೆಂಡಕ್ಕೆ ತೋರಿಸುತ್ತೇವೆ. ಅಲ್ಲಿ ‘ನೋಡು’ ಎಂಬ ಅರ್ಥವೇ ಇಲ್ಲ. ಬರುವುದು ಬಂದು ತಾಗಲಿ ಅಂತ ಆ ಕಡೆ ಒಡ್ಡುವುದು. ಆಂಟೆನಾ ಮಾಡುವುದೂ ಇದನ್ನೇ. ಅದು ಏನನ್ನೂ ಕಳಿಸುವುದಿಲ್ಲ, ಮೇಲಿಂದ ಬಂದದ್ದಕ್ಕೆ ಒಡ್ಡಿಕೊಂಡಿರುತ್ತದೆ. ‘ಹಲಗೆಯನ್ನು ಉಪಗ್ರಹಕ್ಕೆ ತೋರಿಸಿ’ ಅಂತ ಬರೆದರೆ ಎಲ್ಲ ಕಡೆಯವರಿಗೂ ಹೀಗೇ ಅರ್ಥವಾಗುತ್ತದಾ? ಮೈಸೂರು, ಧಾರವಾಡ, ಕಲಬುರಗಿ ಕಡೆಯವರು ‘ಬಿಸಿಲಿಗೆ ತೋರಿಸು’ ಅನ್ನುತ್ತೀರಾ, ಅಥವಾ ‘ಬಿಸಿಲಿಗೆ ಹಾಕು’ ಮಾತ್ರವಾ?

ಇದರ ಜೊತೆಯದೇ ಇನ್ನೊಂದು. ನಮ್ಮಲ್ಲಿ ಮೊಬೈಲಿಗೆ ‘ರೇಂಜ್ ಇಲ್ಲ’ ಅನ್ನುತ್ತಾರೆ, ತುಳುವಿನಲ್ಲಿ ‘ರೇಂಜ್ ಇಜ್ಜಿ’. ಬೆಂಗಳೂರಿನವರು ಅದನ್ನೇ ಸಿಗ್ನಲ್, ನೆಟ್‌ವರ್ಕ್ ಅನ್ನುತ್ತಾರೆ. ಬರಹದಲ್ಲಿ ‘ರೇಂಜ್’ ಅಂದರೆ ಘಟ್ಟದ ಮೇಲಿನವರಿಗೆ ಎಷ್ಟು ದೂರ ತಲುಪುತ್ತದೆ ಎಂಬ ಅರ್ಥ ಬಂದೀತು ಅಂತ ‘ಸಿಗ್ನಲ್’ ಬಳಸಿದ್ದೇನೆ.

ಹಾಗೇ, ಅದು ಹೋಗುವ ರೀತಿಗೂ ಒಂದು ಮಾತು ಬೇಕು. ಹಳೆ ರೇಡಿಯೋದಲ್ಲಿ ಕೊರಕೊರ ಜಾಸ್ತಿಯಾಗುತ್ತಾ ದನಿ ಅಡಗುತ್ತಿತ್ತು. ಇದು ಡಿಜಿಟಲ್. ಗಾಳಿಗೆ ಮಡಲು ಅಡ್ಡ ಬಂದರೆ ಕೊರಕೊರ ಇಲ್ಲ, ಹಾಡು ಅರ್ಧ ಸ್ವರದಲ್ಲಿ ಗಪ್. ಮಡಲು ಸರಿದರೆ ಪೂರ್ತಿ ಸ್ಪಷ್ಟವಾಗಿ ಮತ್ತೆ ಬರುತ್ತದೆ. ‘ಕಟ್ಟಾಯಿತು’ ಅಂದರೆ ಫೋನ್ ಕರೆ ಅನ್ನಿಸುತ್ತದೆ. ‘ಕಡಿಯಿತು’ ಅಂದರೆ ವಯರ್ ತುಂಡಾದ ಹಾಗೆ. ‘ದನಿ ನಿಂತಿತು’ ಅಂತ ಬರೆದು ಮುಂದೆ ಹೋಗಿದ್ದೇನೆ, ಆದರೆ ಆ ‘ತಟ್ಟನೆ’ ಅದರಲ್ಲಿ ಇಲ್ಲ.

ಕೊನೆಗೆ ‘ಬಾನುಲಿ’. ಆಕಾಶವಾಣಿ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಶುರುಮಾಡಿದ ನಿಲಯದ ಕಾಲದ್ದು, ಈಗ ಸಂಸ್ಥೆಯ ಹೆಸರು, ಅದನ್ನು ಮುಟ್ಟುವ ಹಾಗಿಲ್ಲ. ಬಾನುಲಿ ಇನ್ನೂ ಎಲ್ಲರದ್ದು. ನಿಜಕ್ಕೂ ಬಾನಿನಿಂದ ಉಲಿದದ್ದು ಇದೇ, ಆದರೂ ಆ ಪದ ಈಗಾಗಲೇ ಟವರ್‌ನಿಂದ ಬರುವ ರೇಡಿಯೋಕ್ಕೆ ಸೇರಿಹೋಗಿದೆ. ಹಾಗಾಗಿ ‘ಉಪಗ್ರಹ ರೇಡಿಯೋ’ ಅಂತಲೇ ಇಟ್ಟಿದ್ದೇನೆ.

‘ತೋರಿಸು’ ಬಗ್ಗೆ ಮುಖ್ಯವಾಗಿ ಹೇಳಿ. ಸುಮ್ನೆ ಸರಿ, ತಪ್ಪು ಅನ್ನುವುದಕ್ಕಿಂತ ನಿಮ್ಮ ಮನೆಯಲ್ಲಿ ಆಡುವ ಒಂದು ವಾಕ್ಯ, ಯಾವ ಊರಿನದು ಎಂಬುದರ ಜೊತೆ ಬರೆದರೆ ನನಗೆ ಜಾಸ್ತಿ ಉಪಯೋಗ.