ಗುದನಾಳದ ಚೀಲ: ಸರ್ಜನ್ ಇದ್ದಾರೆ, ಕೇಳಿ

ಹಾಸನದ ಮಗಳು: ಡಾಕ್ಟ್ರೇ, ಅಪ್ಪನಿಗೆ 64 ವರ್ಷ, ಮೊದಲಿಂದಲೂ ಮಲಬದ್ಧತೆ. ಒಂದು ವಾರದಿಂದ ಕೂತರೆ ಒಳಗೆ ನೋವು, ಸಂಜೆ ಜ್ವರ. ಸಿ.ಟಿ.ಯಲ್ಲಿ ಗುದನಾಳದ ಗೋಡೆ ದಪ್ಪ, ಪಕ್ಕದಲ್ಲಿ ಡೈವರ್ಟಿಕ್ಯುಲಮ್, ಕ್ಯಾನ್ಸರ್ ಇದೆಯಾ ನೋಡಿ ಅಂತ ಬರೆದಿದ್ದಾರೆ. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ಸರ್ಜನ್: ಡೈವರ್ಟಿಕ್ಯುಲಮ್ ಅಂದರೆ ಕರುಳಿನ ಗೋಡೆ ಹೊರಕ್ಕೆ ಉಬ್ಬಿ ಆಗುವ ಚೀಲ. ದೊಡ್ಡ ಕರುಳಿನಲ್ಲಿ ಮಾಮೂಲು, ಗುದನಾಳದಲ್ಲಿ ಬಹಳ ಅಪರೂಪ. ದೊಡ್ಡ ಕರುಳಿನ ಉದ್ದ ಸ್ನಾಯು ಮೂರು ಪಟ್ಟಿಗಳಾಗಿ ಇಳಿಯುತ್ತದೆ, ಗುದನಾಳಕ್ಕೆ ಬಂದಾಗ ಹರಡಿಕೊಂಡು ಸುತ್ತಲೂ ಆವರಿಸುತ್ತದೆ, ಹಾಗಾಗಿ ಗೋಡೆ ಗಟ್ಟಿ. ಆದರೂ ಚೀಲ ಆದರೆ ಸಾಮಾನ್ಯವಾಗಿ ಎಡ ಅಥವಾ ಬಲ ಪಕ್ಕದಲ್ಲಿ. ಅದು ಊದಿಕೊಂಡಾಗ ಸ್ಕ್ಯಾನಿನಲ್ಲಿ ಗೆಡ್ಡೆಯಂತೆಯೇ ಕಾಣುತ್ತದೆ. ಹಾಗಂತ ಕ್ಯಾನ್ಸರ್ ಅಲ್ಲ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕಿಬ್ಬೊಟ್ಟೆಯ ಕೆಳಭಾಗದ (ಪೆಲ್ವಿಸ್) ಎಂ.ಆರ್.ಐ. ಮಾಡಿಸಿ, ಬೆರಳು ಹಾಕಿ ಪರೀಕ್ಷೆ ಮಾಡುವ ಸರ್ಜನ್‌ಗೆ ತೋರಿಸಿ. ಅಪ್ಪನಿಗೆ ಹಿಂದೆ ಪೈಲ್ಸ್‌ಗೆ ಸ್ಟೇಪ್ಲರ್ ಆಪರೇಷನ್, ಅಂದರೆ ಹೊಲಿಗೆ ಬದಲು ಯಂತ್ರದಿಂದ ಪಿನ್ ಹೊಡೆಯುವುದು, ಆಗಿತ್ತಾ? ಇದು ಮುಖ್ಯ.

ಚಿಕ್ಕಮಗಳೂರು ಕಾಫಿ: ಪೈಲ್ಸ್‌ಗೆ ಯಾವ ಮುಲಾಮು ಒಳ್ಳೇದು ಸರ್?

ಸರ್ಜನ್: ಮೊದಲು ತೋರಿಸಿ, ಆಮೇಲೆ ಮುಲಾಮು.

ಬಿಎಂಟಿಸಿ ಪ್ರಯಾಣಿಕ: ಇದಕ್ಕೆಲ್ಲಾ ಕಾಫಿ ಎನಿಮಾ ರಾಮಬಾಣ. ಫಾರ್ವರ್ಡ್ ಬಂದಿದೆ, ಹಾಕ್ತೀನಿ.

ಸರ್ಜನ್: ಹಾಕಬೇಡಿ. ಊದಿದ ಚೀಲಕ್ಕೆ ಒಳಗಿಂದ ಒತ್ತಡ ಕೊಟ್ಟರೆ ಒಡೆಯಬಹುದು. ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಕೊಲೊನೊಸ್ಕೋಪಿಯನ್ನೇ ಊತ ಇಳಿದ ಮೇಲೆ, ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಮುಂದೂಡುತ್ತೇವೆ.

ಗೃಹಿಣಿ, ದಾವಣಗೆರೆ: ಟೊಮೆಟೊ ಬೀಜ, ಎಳ್ಳು ಚೀಲದಲ್ಲಿ ಸೇರ್ಕೊಂಡೇ ಹೀಗಾಗೋದು. ನಮ್ಮತ್ತೆ ಯಾವಾಗಲೂ ಹೇಳ್ತಿದ್ರು.

ಉಡುಪಿ ಲ್ಯಾಬ್: ಅತ್ತೆ ಹೇಳಿದ್ದಕ್ಕೆ ಪುರಾವೆ ಏನು? ಅಮೆರಿಕದಲ್ಲಿ 47,228 ಗಂಡಸರನ್ನು 18 ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಬಂತು. ಬಾದಾಮಿ ಥರದ ಬೀಜ, ಮೆಕ್ಕೆಜೋಳ, ಪಾಪ್‌ಕಾರ್ನ್ ತಿಂದವರಿಗೆ ಚೀಲದ ಉರಿಯೂತ ಜಾಸ್ತಿ ಆಗಲಿಲ್ಲ.

ಗೃಹಿಣಿ, ದಾವಣಗೆರೆ: ಅದರಲ್ಲಿ ಎಳ್ಳು ಎಲ್ಲಿದೆ? ಹೆಂಗಸರು ಎಲ್ಲಿದ್ದಾರೆ?

ಉಡುಪಿ ಲ್ಯಾಬ್: ಸರಿ ತಾಯಿ, ನೀವೇ ಗೆದ್ರಿ.

ಹಾಸನದ ಮಗಳು: ಹಳೇ ಡಿಸ್ಚಾರ್ಜ್ ಸಮರಿ ಸಿಕ್ಕಿತು. ಸ್ಟೇಪ್ಲರ್ ಅಂತಲೇ ಇದೆ! ಆಪರೇಷನ್ ಬೇಕಾಗುತ್ತಾ?

ಸರ್ಜನ್: ಅದನ್ನೂ ಜೊತೆಗೆ ಒಯ್ಯಿರಿ. ಸ್ಟೇಪ್ಲರ್ ಹಾಕಿದ ಸಾಲಿನಲ್ಲಿ ಕೆಲವೊಮ್ಮೆ ಒಂದು ಪಾಕೆಟ್ ಉಳಿದುಬಿಡುತ್ತದೆ, ಮಲ ಅಲ್ಲಿ ಸಿಕ್ಕಿಕೊಂಡು ಸೋಂಕು ಆಗುತ್ತದೆ. ಅಂಥದ್ದಾದರೆ ಗುದದ್ವಾರದ ಮೂಲಕವೇ ಅದರ ಬಾಯಿ ಬಿಡಿಸಿ ಪಿನ್ ತೆಗೆಯಬಹುದು, ಹೊಟ್ಟೆ ಕೊಯ್ಯಬೇಕಿಲ್ಲ. ಹುಟ್ಟಿನಿಂದಲೋ ಮಲಬದ್ಧತೆಯಿಂದಲೋ ಬಂದ ಚೀಲ ತೊಂದರೆ ಕೊಡದಿದ್ದರೆ ಮುಟ್ಟುವುದೇ ಇಲ್ಲ. ಸೋಂಕಿಗೆ ಆ್ಯಂಟಿಬಯಾಟಿಕ್. ಕೀವು ಕಟ್ಟಿದ್ದರೆ ಒಳಗಿಂದಲೋ, ಸಿ.ಟಿ. ನೋಡಿಕೊಂಡು ಸೂಜಿ ಹಾಕಿಯೋ ತೆಗೆಯುತ್ತೇವೆ. ಮತ್ತೆ ಮತ್ತೆ ಕಾಡಿದರೆ ಚೀಲ ಕತ್ತರಿಸಿ ಹೊಲಿಯುವುದು. ಒಡೆದರೆ, ಫಿಸ್ಟುಲಾ (ಪಕ್ಕದ ಅಂಗಕ್ಕೋ ಚರ್ಮಕ್ಕೋ ಅಡ್ಡದಾರಿ) ಆದರೆ ದೊಡ್ಡ ಆಪರೇಷನ್, ಸ್ವಲ್ಪ ಕಾಲ ಸ್ಟೋಮಾ (ಹೊಟ್ಟೆಯ ಮೇಲೆ ಮಲ ಹೋಗುವ ದಾರಿ) ಕೂಡ. ಚಳಿ ಜ್ವರ ಬಂದರೆ, ಹೊಟ್ಟೆ ಬಿಗಿದರೆ, ಮೂತ್ರ ನಿಂತರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಿ.

ರಾಯಚೂರು 58: ಖರ್ಚು ಎಷ್ಟಾಗ್ತದ ಸರ್? ಸರ್ಕಾರಿ ಕಾರ್ಡ್ ನಡೀತದಾ?

ಬಿಎಂಟಿಸಿ ಪ್ರಯಾಣಿಕ: ಎನಿಮಾ ಬೇಡ ಅಂದ್ರಿ ಓಕೆ. ಹರಳೆಣ್ಣೆ ಕುಡೀಬಹುದಾ?

ಸರ್ಜನ್: ಇಲ್ಲ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಈ ಗ್ರೂಪ್ ಬಿಡ್ತೀನಿ.

ಚಿಕ್ಕಮಗಳೂರು ಕಾಫಿ: ಮುಲಾಮು ಹೆಸರು ಮಾತ್ರ ಹೇಳಿ ಸಾಕಿತ್ತು.

ರಾಯಚೂರು 58: ಸರ್, ಖರ್ಚು?