ಜೋರ್ಕಿ-4ಕ್ಕೆ ಎಂ39 ಲೆನ್ಸ್ ಸರಿಯಾಗಿ ಕೂತಿದೆ, ಆದರೆ ಫೋಟೋ ಎಲ್ಲಾ ಮಸುಕು. ಯಾಕೆ?

ಹುಬ್ಬಳ್ಳಿ_ರೋಲ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಭಿಲಾಯ್ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿದ್ದ ರಷ್ಯನ್ ಎಂಜಿನಿಯರ್ ಒಬ್ಬರು ತಮ್ಮ ದೇಶಕ್ಕೆ ವಾಪಸ್ ಹೋಗುವಾಗ ಇವರಿಗೆ ಒಂದು ಕ್ಯಾಮೆರಾ ಕೊಟ್ಟು ಹೋದರಂತೆ. ಜೋರ್ಕಿ-4. ಅದರ ಜೊತೆ ಜುಪಿಟರ್-8 ಲೆನ್ಸ್, 50 ಮಿ.ಮೀ., ಎಫ್/2. ದೊಡ್ಡಪ್ಪ ಈಗಿಲ್ಲ. ಕಳೆದ ದೀಪಾವಳಿಗೆ ದೊಡ್ಡಮ್ಮ ಟ್ರಂಕ್ ತೆಗೆಸಿ ಕ್ಯಾಮೆರಾನ ನನ್ನ ಕೈಗೆ ಕೊಟ್ಟರು. ಶಟರ್ ಚೆನ್ನಾಗಿ ಓಡುತ್ತದೆ. ಜುಪಿಟರ್‌ನಲ್ಲಿ ಎರಡು ರೋಲ್ ತೆಗೆದೆ, ಮನೆಯವರೆಲ್ಲ ಖುಷಿಪಟ್ಟರು.

ಇನ್ನೊಂದು ಲೆನ್ಸ್ ಇರಲಿ ಅಂತ ಆಸೆ ಆಯ್ತು. ಜೋರ್ಕಿಯದ್ದು ಎಂ39 ಸ್ಕ್ರೂ ಮೌಂಟ್, ಅಂದರೆ 39 ಮಿ.ಮೀ. ಥ್ರೆಡ್‌ನಲ್ಲಿ ಲೆನ್ಸ್ ತಿರುಗಿಸಿ ಕೂರಿಸುವ ಬಾಯಿ, ಅಂತ ಓದಿದ್ದೆ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ‘ಹೀಲಿಯೋಸ್-44, 58 ಮಿ.ಮೀ., ಎಂ39’ ಸಿಕ್ಕಿತು. ₹4,200 ಕೊಟ್ಟೆ. ಲೆನ್ಸ್ ಬೆಣ್ಣೆ ಥರ ತಿರುಗಿ ಕೂತಿತು. ವ್ಯೂಫೈಂಡರಿನಲ್ಲಿ ನೋಡಿದರೆ ಎಲ್ಲಾ ಸ್ಪಷ್ಟ. ಸಿದ್ಧಾರೂಢ ಮಠದ ಹತ್ತಿರ ಒಂದು ಪೂರ್ತಿ ರೋಲ್ ತೆಗೆದೆ. ತೊಳೆಸಿ ನೋಡಿದರೆ 36ಕ್ಕೆ 36 ಫ್ರೇಮೂ ಮಸುಕು. ಗೋಪುರ ಯಾವುದು, ಜನ ಯಾರು ಅಂತಾನೂ ಗೊತ್ತಾಗಲ್ಲ.

ಆಮೇಲೆ ಗಮನಿಸಿದ್ದು: ಲೆನ್ಸಿನ ಫೋಕಸ್ ರಿಂಗ್ ಎಷ್ಟು ತಿರುಗಿಸಿದರೂ ವ್ಯೂಫೈಂಡರಿನ ನಡುವೆ ಫೋಕಸ್ ನೋಡಲು ಕಾಣುವ ಜೋಡಿ ಬಿಂಬ ಕದಲುವುದೇ ಇಲ್ಲ. ಮಾರಿದವರನ್ನು ಕೇಳಿದೆ. ‘ಎಂ39 ಕೇಳಿದ್ರಿ, ಎಂ39 ಕೊಟ್ಟಿದ್ದೀನಿ’ ಅಂದರು.

ತಪ್ಪು ಲೆನ್ಸಿನದೋ, ದೊಡ್ಡಪ್ಪನ ಕ್ಯಾಮೆರಾದ್ದೋ? ನನಗೆ ಅಗಲವಾದ ನೋಟದ ಲೆನ್ಸ್ ಬೇಕು, ಯಾವುದು ತಗೊಳ್ಳಲಿ? ಗೆಳೆಯನ ಹತ್ತಿರ ಲೈಕಾ ಎಂ6 ಇದೆ, ಜುಪಿಟರ್-8 ಅದಕ್ಕೂ ಹಾಕಬಹುದಾ?

ಶಿರಸಿ_ಬಿಸಿಲು

ಲೆನ್ಸೂ ಸರಿ ಇದೆ, ಕ್ಯಾಮೆರಾನೂ ಸರಿ ಇದೆ. ಎರಡಕ್ಕೂ ಸಂಬಂಧ ಇಲ್ಲ, ಅಷ್ಟೇ. ಆ ಹೀಲಿಯೋಸ್ ಜೆನಿತ್ ಕ್ಯಾಮೆರಾದ್ದು, ಅಂದರೆ ಕನ್ನಡಿ ಇರುವ ಎಸ್‌ಎಲ್‌ಆರ್‌ನದು. ದಾವಣಗೆರೆ ಸರ್ ಬಂದರೆ ಪೂರ್ತಿ ಹೇಳುತ್ತಾರೆ.

ದಾವಣಗೆರೆ_ಡಾರ್ಕ್‌ರೂಮ್

ಹುಬ್ಬಳ್ಳಿಯವರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ದೊಡ್ಡಪ್ಪನ ಕ್ಯಾಮೆರಾಕ್ಕೆ ಏನೂ ಆಗಿಲ್ಲ. ನೀವು ಬರೆದಿದ್ದು ಓದಿ ನನಗೆ ಅದೇ ಮೊದಲು ಖುಷಿಯಾಗಿದ್ದು.

ನಾನು 31 ವರ್ಷ ಸ್ಟುಡಿಯೋ ನಡೆಸಿದವನು. ಫೋಟೋ ದೊಡ್ಡದು ಮಾಡಿ ಪ್ರಿಂಟ್ ಹಾಕುವ ನನ್ನ ಎನ್‌ಲಾರ್ಜರ್‌ನಲ್ಲಿ ಈಗಲೂ ಒಂದು ಎಲ್-ನಿಕ್ಕರ್ 50 ಮಿ.ಮೀ. ಲೆನ್ಸ್ ಇದೆ. ಅದರ ಥ್ರೆಡ್ಡೂ 39 ಮಿ.ಮೀ. ಅದನ್ನೂ ನಿಮ್ಮ ಜೋರ್ಕಿಗೆ ತಿರುಗಿಸಿ ಕೂರಿಸಬಹುದು, ಆದರೆ ಅದಕ್ಕೆ ಫೋಕಸ್ ರಿಂಗೇ ಇಲ್ಲ. ‘ಎಂ39’ ಅನ್ನುವುದು ಬಾಯಿಯ ಅಳತೆ ಮಾತ್ರ. ನಿಮ್ಮ ಜೋರ್ಕಿಯಂಥ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ, ಅಂದರೆ ಜೋಡಿ ಬಿಂಬ ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾಕ್ಕೆ, ಇನ್ನೆರಡು ಹೊಂದಬೇಕು. ಒಂದು, ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿನವರೆಗಿನ ದೂರ. ಇನ್ನೊಂದು, ಲೆನ್ಸ್ ಮುಂದೆ ಹಿಂದೆ ಸರಿದಿದ್ದನ್ನು ರೇಂಜ್‌ಫೈಂಡರಿಗೆ ತಿಳಿಸುವ ಹಿಂಬದಿಯ ರಿಂಗ್.

ದೂರದ ವಿಷಯ ತಗೊಳ್ಳಿ. ಜೋರ್ಕಿಯಲ್ಲಿ ಅದು 28.8 ಮಿ.ಮೀ. ಜೆನಿತ್‌ನಲ್ಲಿ 45.2. ನಿಮ್ಮ ಹೀಲಿಯೋಸ್ ತಾನಿರಬೇಕಾದ ಜಾಗಕ್ಕಿಂತ 16.4 ಮಿ.ಮೀ. ಒಳಗೆ ಹೋಗಿ ಕೂತಿದೆ. ಫೋಕಸ್ ರಿಂಗ್ ಪೂರ್ತಿ ತಿರುಗಿಸಿದರೂ ಅಷ್ಟು ಮುಂದೆ ಬರಲ್ಲ. ಹಾಗಾಗಿ ದೂರದ ಗೋಪುರವೂ ಮಸುಕು, ಹತ್ತಿರದ ಮುಖವೂ ಮಸುಕು. ಇನ್ನು ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಮೇಲಿನ ಬೇರೆ ಕಿಟಕಿಯಿಂದ. ಲೆನ್ಸ್ ಏನೇ ಮಾಡುತ್ತಿರಲಿ, ಕಣ್ಣಿಗೆ ಎಲ್ಲಾ ಸ್ಪಷ್ಟ. ಪೂರ್ತಿ ರೋಲ್ ಮುಗಿಯೋವರೆಗೆ ನಿಮಗೆ ಗೊತ್ತಾಗದೇ ಇದ್ದದ್ದು ಅದಕ್ಕೇ.

ಎರಡು ಬೇರೆ ಜಾತಿಗೆ ಒಂದೇ ಥ್ರೆಡ್ ಯಾಕೆ ಬಂತು ಅಂದರೆ, ಅದು ಒಂದು ವಂಶದ ಕಥೆ. ಮೂಲ ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಂಪನಿ. 1930ರಲ್ಲಿ ಲೆನ್ಸ್ ಬದಲಿಸುವ ಲೈಕಾ ತಂದರು. ಆಗ ಒಂದೊಂದು ಲೆನ್ಸನ್ನೂ ಆಯಾ ಕ್ಯಾಮೆರಾಕ್ಕೇ ಹೊಂದಿಸಿ ಕೊಡಬೇಕಿತ್ತು. 1931ರಲ್ಲಿ ದೂರವನ್ನು ಒಂದೇ ಅಳತೆಗೆ ತಂದು, ಅಂಥ ಕ್ಯಾಮೆರಾದ ಮೌಂಟಿನ ಮೇಲೆ ‘0’ ಕೆತ್ತಿದರು. 1932ರ ಲೈಕಾ 2ರಲ್ಲಿ ರೇಂಜ್‌ಫೈಂಡರನ್ನು ಲೆನ್ಸಿಗೆ ಜೋಡಿಸಿದರು. 1934ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಅದನ್ನೇ ನೋಡಿಕೊಂಡು ಫೆಡ್ ಮಾಡಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯಿಂದ ಜೋರ್ಕಿ ಬಂತು. ಐವತ್ತರ ದಶಕದ ಶುರುವಿನಲ್ಲಿ ಅದೇ ಕಾರ್ಖಾನೆಯವರು ಜೋರ್ಕಿಯ ಒಳಗೆ ಕನ್ನಡಿ ಇಟ್ಟು ಜೆನಿತ್ ಮಾಡಿದರು. ಕನ್ನಡಿ ಏಳೋದಕ್ಕೆ ಜಾಗ ಬೇಕಲ್ವಾ? ದೂರ ಜಾಸ್ತಿ ಮಾಡಿದರು, ಥ್ರೆಡ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರು. ನಿಮ್ಮ ₹4,200 ಹೋಗಿದ್ದು ಅಲ್ಲಿ.

ಈಗ ಒಂದು ಕೆಲಸ ಮಾಡಿ. ಲೆನ್ಸ್ ಬಿಚ್ಚಿ ಕ್ಯಾಮೆರಾದ ಬಾಯಿಯೊಳಗೆ ಮೇಲ್ಭಾಗ ನೋಡಿ. ಚಿಕ್ಕ ಉಗುರಿನಂಥ ಲೋಹದ ನಾಲಿಗೆ ಕಾಣುತ್ತದೆ. ವ್ಯೂಫೈಂಡರಿನಲ್ಲಿ ದೂರದ ಕರೆಂಟ್ ಕಂಬ ನೋಡುತ್ತಾ, ಬೆರಳ ತುದಿಯಿಂದ ಆ ನಾಲಿಗೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಎರಡಾಗಿದ್ದ ಕಂಬ ಒಂದರ ಹತ್ತಿರ ಒಂದು ಸರಿದು, ಒಂದು ಕ್ಷಣ ಕೂಡಿಕೊಂಡು, ದಾಟಿ ಹೋಗುತ್ತದೆ. ನನಗೆ 14 ವರ್ಷ ಇದ್ದಾಗ ಅಪ್ಪ ಇದನ್ನು ನನ್ನ ಬೆರಳು ಹಿಡಿದು ತೋರಿಸಿದ್ದರು. ಇಷ್ಟು ವರ್ಷ ಆದರೂ ಆ ಕಂಬ ಕೂಡುವುದನ್ನು ನೋಡುವಾಗ ಅದೇ ಸಂತೋಷ ಆಗುತ್ತದೆ. ಲೆನ್ಸ್ ಮಾಡುವ ಕೆಲಸವೂ ಇಷ್ಟೇ. ಅದರ ಬೆನ್ನಿನ ನುಣ್ಣನೆಯ ರಿಂಗು ಆ ನಾಲಿಗೆಯನ್ನು ಒತ್ತುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಅನಂತದಿಂದ ಒಂದು ಮೀಟರಿಗೆ ಬರಲು ಅದು ಸರಿಯುವುದು ಸುಮಾರು 3 ಮಿ.ಮೀ. ಮಾತ್ರ. ಆ ನಾಲಿಗೆಗೆ ಗೊತ್ತಿರುವುದು 50ರ ಲೆಕ್ಕ ಒಂದೇ. 35 ಆಗಲಿ, 135 ಆಗಲಿ, ತನ್ನ ಚಲನೆಯನ್ನು 50ರ ಲೆಕ್ಕಕ್ಕೆ ಬದಲಿಸಿಯೇ ನಾಲಿಗೆಗೆ ಮುಟ್ಟಿಸಬೇಕು. ಹೀಲಿಯೋಸಿನ ಬೆನ್ನಿನಲ್ಲಿ ಈ ರಿಂಗೇ ಇಲ್ಲ. ಜೋಡಿ ಬಿಂಬ ಹೇಗೆ ಕದಲೀತು?

ಹಾಗಾಗಿ ಇನ್ನು ಮುಂದೆ ಲೆನ್ಸ್ ತಗೊಳ್ಳುವಾಗ ಮುಂದಿನ ಹೆಸರು ನೋಡಬೇಡಿ, ಹಿಂದಿನ ಫೋಟೋ ಕೇಳಿ. ಫೋಕಸ್ ತಿರುಗಿಸಿದಾಗ ಹಿಂದೆ ಒಂದು ರಿಂಗ್ ಒಳಗೆ ಹೊರಗೆ ಸರಿಯಬೇಕು. ಇಂಡಸ್ಟಾರ್-50, ಜುಪಿಟರ್-9, ಜುಪಿಟರ್-11, ಇವೆಲ್ಲ ಒಂದೇ ಹೆಸರಿನಲ್ಲಿ ರೇಂಜ್‌ಫೈಂಡರಿಗೂ ಬಂದಿವೆ, ಜೆನಿತ್‌ಗೂ ಬಂದಿವೆ. ಹೆಸರು ನಂಬಿದರೆ ಮತ್ತೆ ಇದೇ ಗತಿ.

ಅಗಲದ ಲೆನ್ಸಿಗೆ ನನ್ನ ಮಾತು ಜುಪಿಟರ್-12. 35 ಮಿ.ಮೀ., ಎಫ್/2.8, ಜರ್ಮನಿಯ ಜೈಸ್ ಕಂಪನಿಯ ಬಯೋಗಾನ್ ಲೆನ್ಸಿನ ವಂಶ. ಅದರ ಹಿಂದಿನ ಗಾಜು ನೋಡಿದರೆ ಬೆರಗಾಗುತ್ತೀರಿ. ದೊಡ್ಡ ಗೋಲಿಯ ಹಾಗೆ ಉಬ್ಬಿಕೊಂಡು ಶಟರಿನ ಹತ್ತಿರದವರೆಗೂ ಹೋಗುತ್ತದೆ. ಬಿಚ್ಚಿದಾಗ ಮೇಜಿನ ಮೇಲೆ ಹಾಗೇ ಇಟ್ಟರೆ ಗೀರು ಬಿತ್ತು ಅಂತಲೇ ಲೆಕ್ಕ. ಆಳವಾದ ಹಿಂಬದಿ ಮುಚ್ಚಳ ಇದ್ದರೆ ಮಾತ್ರ ತಗೊಳ್ಳಿ. ಅಪರ್ಚರ್ (ಬೆಳಕಿನ ಕಿಂಡಿ) ರಿಂಗ್ ಮುಂದಿನ ಬಾಯಿಯ ಒಳಗಿದೆ, ಬೆರಳು ಹಾಕಿ ತಿರುಗಿಸಬೇಕು. ಫಿಲ್ಟರ್ ಅಳತೆ 40.5, ನಿಮ್ಮ ಜುಪಿಟರ್-8ರದ್ದೂ ಅದೇ. ಒಂದು ಹಳದಿ ಫಿಲ್ಟರ್ ತಂದರೆ ಎರಡಕ್ಕೂ ಆಯ್ತು. ಜೋರ್ಕಿಯ ವ್ಯೂಫೈಂಡರ್ ತೋರಿಸುವುದು 50ರ ನೋಟ ಮಾತ್ರ. 35ಕ್ಕೆ ಮೇಲೆ ಸಿಕ್ಕಿಸುವ ಬೇರೆ ಫೈಂಡರ್ ಬೇಕು. ರಷ್ಯನ್ನರದ್ದೇ ಒಂದು ತಿರುಗುವ ಫೈಂಡರ್ ಇದೆ, 28, 35, 50, 85, 135 ಐದೂ ಅದರಲ್ಲೇ.

ಜುಪಿಟರ್-8ನ್ನು ಲೈಕಾಕ್ಕೆ ಹಾಕುವ ಬಗ್ಗೆ ಫ್ರಾಂಕ್‌ಫರ್ಟಿನವರು ಹೇಳಲಿ. ನನಗಾದದ್ದು ಮಾತ್ರ ಹೇಳುತ್ತೇನೆ. ನಂಟರೊಬ್ಬರ ಹಳೆಯ ಸ್ಕ್ರೂ ಮೌಂಟ್ ಲೈಕಾಕ್ಕೆ ಜುಪಿಟರ್-8 ಹಾಕಿ, ತಂಗಿಯ ಮಗಳ ನಾಮಕರಣದಲ್ಲಿ ಎಫ್/2ರಲ್ಲಿ, ಒಂದು ಮೀಟರ್ ದೂರದಿಂದ ತೆಗೆದೆ. ಫೋಕಸ್ ಮಾಡಿದ್ದು ಮಗುವಿನ ಕಣ್ಣಿಗೆ. ಪ್ರಿಂಟ್ ಹಾಕಿದರೆ ಕಣ್ಣು ಮಸುಕು, ಕಿವಿಯ ಹೊಸ ಓಲೆ ಚೂಪಾಗಿ ಬಂದಿದೆ! ತಂಗಿಗೆ ಏನು ಹೇಳಲಿ? ತುಂಬಾ ಬೇಜಾರಾಯ್ತು. ಆಮೇಲೆ ದಿನಪತ್ರಿಕೆಯನ್ನು ಓರೆಯಾಗಿ ಗೋಡೆಗೆ ಆನಿಸಿ, ಒಂದು ಸಾಲಿಗೆ ಗುರುತು ಹಾಕಿ, ಅದೇ ದೂರದಿಂದ ತೆಗೆದು ನೋಡಿದೆ. ಫೋಕಸ್ ಪ್ರತಿ ಸಲ ಹಿಂದಿನ ಸಾಲುಗಳಿಗೇ ಹೋಗುತ್ತಿತ್ತು. ರಷ್ಯನ್ 50ರ ಲೆಕ್ಕ ಜೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾದಿಂದ ಬಂದದ್ದು, ಅದಕ್ಕೂ ಲೈಕಾದ ಲೆಕ್ಕಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ದೂರದ ಚಿತ್ರಕ್ಕೆ, ಕಿಂಡಿ ಚಿಕ್ಕದು ಮಾಡಿದ ಎಫ್/5.6ಕ್ಕೆ, ಏನೂ ತೊಂದರೆ ಇಲ್ಲ. ಹತ್ತಿರದಿಂದ ಎಫ್/2ರಲ್ಲಿ ಮಗುವಿನ ಮುಖ ತೆಗೆಯುವಾಗ ಅದೇ ಕೂದಲೆಳೆ ದೊಡ್ಡದಾಗುತ್ತದೆ. ನಿಮ್ಮ ಜೋರ್ಕಿಯಲ್ಲಿ ಆ ಭಯ ಬೇಡ, ಅದು ತವರುಮನೆ.

ಒಂದು ಮರೆತಿದ್ದೆ. ಜೋರ್ಕಿಯಲ್ಲಿ ಫಿಲ್ಮ್ ವೈಂಡ್ ಮಾಡಿದ ಮೇಲೆಯೇ ಶಟರ್ ಸ್ಪೀಡ್ ಬದಲಿಸಿ. ಮೊದಲು ಬದಲಿಸಿದರೆ ಒಳಗಿನ ಯಂತ್ರ ಕೆಡುತ್ತದೆ. ದೊಡ್ಡಪ್ಪ ಇದ್ದಿದ್ದರೆ ಮೊದಲ ದಿನವೇ ಇದನ್ನು ಹೇಳಿರುತ್ತಿದ್ದರು.

ಫ್ರಾಂಕ್‌ಫರ್ಟ್_ಕನ್ನಡಿಗ

ಎಂ6ಕ್ಕೆ ಹಾಕಬಹುದು. ಲೈಕಾದವರು 1954ರಲ್ಲಿ ಎಂ3 ತಂದಾಗ ಸ್ಕ್ರೂ ಬಿಟ್ಟು, ಸ್ವಲ್ಪ ತಿರುಗಿಸಿದರೆ ಕೂರುವ ಬಯೋನೆಟ್ ಮೌಂಟ್ ಮಾಡಿದರು, ಆದರೆ ಹಳೆಯ ಲೆನ್ಸ್ ಇದ್ದವರನ್ನು ಕೈಬಿಡಲಿಲ್ಲ. ಎಂ ಮೌಂಟಿನ ದೂರ 27.8 ಮಿ.ಮೀ. ಹಳೆಯದಕ್ಕಿಂತ ಸರಿಯಾಗಿ ಒಂದು ಮಿ.ಮೀ. ಕಡಿಮೆ. ಒಂದು ಮಿ.ಮೀ. ದಪ್ಪದ ರಿಂಗ್ ಹಾಕಿದರೆ ಸ್ಕ್ರೂ ಲೆನ್ಸ್ ತನ್ನ ಜಾಗಕ್ಕೇ ಬರುತ್ತದೆ, ರೇಂಜ್‌ಫೈಂಡರೂ ಕೆಲಸ ಮಾಡುತ್ತದೆ. ನಾನು ವೆಟ್ಸ್‌ಲಾರ್‌ಗೆ ಹೋದಾಗ ಇದೇ ಒಂದು ಮಿ.ಮೀ. ನೆನೆಸಿಕೊಂಡು ಮನಸ್ಸು ತುಂಬಿ ಬಂದಿತ್ತು.

ರಿಂಗ್‌ನಲ್ಲಿ ಮೂರು ಥರ ಇವೆ: 28/90, 35/135, 50/75. ರಿಂಗಿನ ಅಂಚು ನೋಡಿ ಎಂ6 ತನ್ನ ವ್ಯೂಫೈಂಡರಿನಲ್ಲಿ ಆ ಅಳತೆಯ ಲೆನ್ಸಿನ ನೋಟ ಗುರುತಿಸುವ ಫ್ರೇಮ್ ಗೆರೆ ತೋರಿಸುತ್ತದೆ. ಜುಪಿಟರ್-8ಕ್ಕೆ 50/75ರದ್ದು ಕೇಳಿ. ಅಗ್ಗದ ರಿಂಗ್ ದಪ್ಪದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಫೋಕಸ್ ಕೆಡುತ್ತದೆ, ಅದರಲ್ಲಿ ಉಳಿತಾಯ ಮಾಡಬೇಡಿ.

ಇದನ್ನು ಉಲ್ಟಾ ಮಾಡುವಾಗ, ಅಂದರೆ ಲೈಕಾದ ಸ್ಕ್ರೂ ಲೆನ್ಸನ್ನು ಜೋರ್ಕಿಗೆ ಹಾಕುವಾಗ, ಹುಷಾರು. ಕೆಲವು ಲೈಕಾ ಟೆಲಿ ಲೆನ್ಸ್‌ಗಳ ಬೆನ್ನಲ್ಲಿ ಪೂರ್ತಿ ರಿಂಗ್ ಇರಲ್ಲ, ಒಂದು ತುಂಡು ಮಾತ್ರ ಇರುತ್ತದೆ. ಲೈಕಾದಲ್ಲಿ ಅದನ್ನು ಮುಟ್ಟುವುದು ಚಿಕ್ಕ ಗಾಲಿ, ಜೋರ್ಕಿ ಮತ್ತು ಫೆಡ್‌ನಲ್ಲಿ ಉಗುರಿನಂಥ ನಾಲಿಗೆ. ಅಲ್ಲಿ ಇವೆರಡು ಸರಿ ಹೊಂದಲ್ಲ.

ಹೀಲಿಯೋಸ್ ಬಿಸಾಡಬೇಡಿ. ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಜೆನಿತ್ ಎಂ39ಕ್ಕೆ ಅಂತಲೇ ಇರುವ ಉದ್ದದ ಅಡಾಪ್ಟರ್ ಕೇಳಿ. ರೇಂಜ್‌ಫೈಂಡರ್ ಎಂ39ರ ಚಿಕ್ಕ ಅಡಾಪ್ಟರ್ ತಂದರೆ ಮತ್ತೆ ಅದೇ 16.4 ಮಿ.ಮೀ. ತೊಂದರೆ.

ಕೋಲಾರ_ಕಿವ್

ನನ್ನದು ಕಿವ್-4, ಅದೂ ಒಂದು ಸೋವಿಯತ್ ರೇಂಜ್‌ಫೈಂಡರ್ ಕ್ಯಾಮೆರಾ. ಹುಬ್ಬಳ್ಳಿಯವರು ಆಸೆಪಟ್ಟು ಕಿವ್‌ನ ಲೆನ್ಸ್ ತಂದುಬಿಡಬಾರದು ಅಂತ ಎರಡು ಸಾಲು. ಕಿವ್ ಬಂದದ್ದು ಕಾಂಟ್ಯಾಕ್ಸ್‌ನಿಂದ, ಅದರ ಮೌಂಟೇ ಬೇರೆ. 50ರ ಫೋಕಸ್ ಯಂತ್ರ ಲೆನ್ಸಿನಲ್ಲಿಲ್ಲ, ಕ್ಯಾಮೆರಾದಲ್ಲೇ ಇದೆ. ಜುಪಿಟರ್-8 ಮತ್ತು 12 ಕಿವ್‌ಗೂ ಬಂದಿವೆ. ಹಿಂದೆ ಥ್ರೆಡ್ ಕಾಣದಿದ್ದರೆ ಅದು ನಮ್ಮದು, ನಿಮ್ಮದಲ್ಲ.

ಹುಬ್ಬಳ್ಳಿ_ರೋಲ್

ಎಲ್ಲರಿಗೂ ಕೈಮುಗಿದೆ. ಸರ್, ನೀವು ಹೇಳಿದ ಹಾಗೆ ಲೆನ್ಸ್ ಬಿಚ್ಚಿ ನಾಲಿಗೆ ಒತ್ತಿ ನೋಡಿದೆ. ಎದುರು ಮನೆಯ ಟಿವಿ ಡಿಶ್ ಕೂಡಿಕೊಂಡಿತು! ಮಗಳನ್ನು ಕರೆದು ಅವಳ ಬೆರಳಿನಿಂದಲೂ ಒತ್ತಿಸಿದೆ. ‘ಇನ್ನೊಮ್ಮೆ, ಇನ್ನೊಮ್ಮೆ’ ಅಂತ ಹತ್ತು ಸಲ ಮಾಡಿದಳು.

ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಜುಪಿಟರ್-12 ಇದೆ. ಹಿಂದಿನ ಫೋಟೋ ಕೇಳಿದ್ದೇನೆ. ರೋಲ್ ಹಾಕುವ ಮೊದಲು ಪರೀಕ್ಷೆ ಮಾಡುವ ದಾರಿ ಇದೆಯಾ? ಇನ್ನೊಂದು ರೋಲ್ ಕಳೆದುಕೊಳ್ಳುವ ಧೈರ್ಯ ಇಲ್ಲ.

ದಾವಣಗೆರೆ_ಡಾರ್ಕ್‌ರೂಮ್

ಇದೆ. ಫಿಲ್ಮ್ ಇಲ್ಲದಾಗ ಜೋರ್ಕಿಯ ಹಿಂಬದಿ ಪೂರ್ತಿ ಬಿಚ್ಚಿ. ಟ್ರೇಸಿಂಗ್ ಪೇಪರ್ ಒಂದು ತುಂಡನ್ನು ಫಿಲ್ಮ್ ಓಡುವ ಎರಡು ಹಳಿಗಳ ಮೇಲೆ ಬಿಗಿಯಾಗಿ ಅಂಟಿಸಿ. ಹಳಿಗಳ ನಡುವೆ ಒಳಗೆ ಬಾಗಿದರೆ ಲೆಕ್ಕ ತಪ್ಪುತ್ತದೆ. ವೈಂಡ್ ಮಾಡಿ, ಸ್ಪೀಡನ್ನು ‘ಬಿ’ಗೆ (ಬಟನ್ ಒತ್ತಿರುವವರೆಗೂ ಶಟರ್ ತೆರೆದಿರುವ ಗುರುತು) ಇಟ್ಟು, ಬಟನ್ ಒತ್ತಿ ಹಿಡಿದುಕೊಳ್ಳಿ. ಅಪರ್ಚರ್ ಪೂರ್ತಿ ತೆರೆದಿರಲಿ. ಸಂಜೆ ಹೊತ್ತು, ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು, ದೂರದ ಬೀದಿ ದೀಪದ ಕಡೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ. ಲೆನ್ಸನ್ನು ಅನಂತಕ್ಕೆ ಇಟ್ಟಾಗ ದೀಪ ಚುಕ್ಕಿಯಾಗಬೇಕು, ಅದೇ ಹೊತ್ತಿಗೆ ವ್ಯೂಫೈಂಡರಿನಲ್ಲೂ ಎರಡು ದೀಪ ಕೂಡಿರಬೇಕು. ಆಮೇಲೆ ಒಂದು ಮೀಟರ್ ದೂರದಲ್ಲಿ ಮೇಣದಬತ್ತಿ ಇಟ್ಟು ಅದನ್ನೇ ಮಾಡಿ.

ಮೇಣದಬತ್ತಿ ಹಿಡಿಯೋಕೆ ಮಗಳನ್ನೇ ಕರೆಯಿರಿ. ಕಾಗದದ ಮೇಲೆ ಉರಿ ತಲೆಕೆಳಗಾಗಿ ಕಾಣುವುದನ್ನು ಅವಳೂ ನೋಡಲಿ.