ಹಿನ್ನೀರಿನಾಚೆ ನರ್ಸಮ್ಮನಾಗಿದ್ದ ಅಜ್ಜಿಯ ಬದುಕನ್ನು ಬರೆಯುವುದು ಹೇಗೆ?

ಪ್ರಶ್ನೆ ಕೇಳಿದವರು: ಸಾಗರದ ಮೊಮ್ಮಗ

ನನ್ನ ತಾಯಿಯ ತಾಯಿ ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಎಪ್ಪತ್ತರ ದಶಕದ ಆರಂಭದಲ್ಲಿ, ಶರಾವತಿ ಹಿನ್ನೀರಿನಾಚೆಯ ಕರೂರು ಹೋಬಳಿಯ ಒಂದು ಆರೋಗ್ಯ ಉಪಕೇಂದ್ರಕ್ಕೆ ಎ.ಎನ್.ಎಂ. (ಹೆರಿಗೆ, ಲಸಿಕೆಗಳನ್ನು ನೋಡಿಕೊಳ್ಳುವ ಸಹಾಯಕ ನರ್ಸು) ಆಗಿ ಬಂದ ಅವರು, ಹಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ನಿವೃತ್ತರಾಗುವವರೆಗಿನ ಸೇವೆಯ ಬಹುಭಾಗವನ್ನು ಆ ದಂಡೆಯಲ್ಲಿಯೇ ಕಳೆದರು. ವರ್ಷಾಂತಿಕದ ಹೊತ್ತಿಗೆ ಬಂಧುಗಳಿಗೂ ಆ ಭಾಗದ ಊರಿನವರಿಗೂ ಹಂಚಲು ಒಂದು ಚಿಕ್ಕ ಪುಸ್ತಿಕೆ ತರಬೇಕೆಂದು ಮನೆಯವರು ನಿರ್ಧರಿಸಿ, ಬರೆಯುವ ಹೊಣೆಯನ್ನು ನನಗೆ ವಹಿಸಿದ್ದಾರೆ. ಸೋದರಮಾವ ಬರೆದುಕೊಟ್ಟ ಪುಟದಲ್ಲಿ ‘ಕರುಣಾಮಯಿ’, ‘ಸೇವೆಯ ಸಾಕಾರಮೂರ್ತಿ’ ಎಂಬ ಮಾತುಗಳಿವೆ. ಅವು ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಪುಟವನ್ನು ಯಾರ ಅಜ್ಜಿಯ ಹೆಸರಿನ ಕೆಳಗೆ ಅಚ್ಚು ಹಾಕಿದರೂ ನಡೆಯುತ್ತದೆ.

ಅವರ ಟ್ರಂಕಿನಲ್ಲಿ ದಿನಚರಿಯ ನಕಲುಗಳು, ಹೆರಿಗೆಗಳ ವಿವರ ಬರೆದಿಟ್ಟ ಉದ್ದನೆಯ ಪುಸ್ತಕಗಳು, ಕೂಸನ್ನು ತೂಗುವ ಸ್ಪ್ರಿಂಗ್ ತಕ್ಕಡಿ ಮತ್ತು ಸಿರಿಂಜು ಕುದಿಸುವ ಸ್ಟೀಲಿನ ಡಬ್ಬಿ ದೊರೆತಿವೆ. ದಿನಚರಿಯ ಒಕ್ಕಣೆ ಹೀಗಿದೆ: ‘ಬೆಳಿಗ್ಗೆ ಗೃಹಭೇಟಿ. ಗರ್ಭಿಣಿ ತಪಾಸಣೆ 3, ಟಿ.ಟಿ. 2. ಸಂಜೆ ಕೇಂದ್ರಕ್ಕೆ ವಾಪಸು.’ ಇದರಿಂದ ಒಂದು ಬದುಕನ್ನು ಹೊರತೆಗೆಯುವುದು ಹೇಗೆ, ಯಾರನ್ನು ಏನೆಂದು ಕೇಳಬೇಕು ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಸ್ವಲ್ಪ ಮುಜುಗರದ್ದು. ತುರ್ತುಪರಿಸ್ಥಿತಿಯ ಕಾಲದ ಸಂತಾನಹರಣ ಶಸ್ತ್ರಚಿಕಿತ್ಸೆಗಳ ಕಾರಣದಿಂದ ಅಜ್ಜಿಯನ್ನು ‘ಆಪರೇಷನ್ ನರ್ಸಮ್ಮ’ ಎಂದೇ ನೆನೆಯುವ ಹಿರಿಯರು ಇನ್ನೂ ಒಬ್ಬಿಬ್ಬರಿದ್ದಾರೆ. ಸ್ಮರಣೆಯ ಪುಸ್ತಿಕೆಯಲ್ಲಿ ಆ ವಿಷಯಕ್ಕೆ ಜಾಗವಿರಬೇಕೇ?

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ತೀರ್ಥಹಳ್ಳಿ

ದಿನಚರಿ ಒಣಗಿದಂತೆ ಕಾಣುವುದು ಸಹಜ, ಏಕೆಂದರೆ ನಾವು ಅದನ್ನು ಬರೆಯುತ್ತಿದ್ದುದು ಮೇಲಧಿಕಾರಿಯ ಸಹಿಗಾಗಿ. ಒಂದೊಂದು ನಮೂದನ್ನು ಬಿಡಿಸಿ ಬರೆಯಿರಿ. ನಿಮ್ಮ ಪುಸ್ತಿಕೆಯ ಅರ್ಧ ಅಲ್ಲಿಯೇ ಸಿಗುತ್ತದೆ.

‘ಟಿ.ಟಿ. 2’, ಅಂದರೆ ಧನುರ್ವಾಯು ತಡೆಯುವ ಎರಡು ಚುಚ್ಚುಮದ್ದು, ಎಂಬುದನ್ನೇ ತೆಗೆದುಕೊಳ್ಳಿ. ಗಾಜಿನ ಸಿರಿಂಜನ್ನೂ ಸೂಜಿಗಳನ್ನೂ ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿ, ತೋಟದ ದಾರಿಯಲ್ಲಿ ನಡೆದು ಹೋಗಿ, ‘ಬಸುರಿಗೆ ಸೂಜಿ ಚುಚ್ಚಬಾರದು’ ಎನ್ನುವ ಅತ್ತೆಯನ್ನು ಒಪ್ಪಿಸಿದ ಮೇಲೆ ಆ ಎರಡು ಚುಚ್ಚುಮದ್ದುಗಳು ಆಗುತ್ತಿದ್ದವು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದ ಮನೆಗಳಲ್ಲಿ, ಚೆನ್ನಾಗಿಯೇ ಹುಟ್ಟಿದ ಕೂಸು ವಾರ ಕಳೆಯುವುದರೊಳಗೆ ಮೊಲೆ ಚೀಪುವುದನ್ನು ಬಿಟ್ಟು, ಮೈ ಸೆಟೆದು, ಧನುರ್ವಾಯುವಿನಿಂದ ತೀರಿಕೊಳ್ಳುತ್ತಿತ್ತು. ತಾಯಿಗೆ ಕೊಟ್ಟ ಮದ್ದು ಹೊಟ್ಟೆಯಲ್ಲಿರುವ ಕೂಸಿಗೂ ರಕ್ಷಣೆ ಕೊಡುತ್ತದೆ ಎಂಬುದನ್ನು ಮನೆಮನೆಗೆ ತಿಳಿಹೇಳಿದವರು ನಿಮ್ಮ ಅಜ್ಜಿಯಂಥವರು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಆ ಘೋಷಣೆಯ ಹಿಂದೆ ಇಂಥ ಲಕ್ಷಾಂತರ ‘ಟಿ.ಟಿ. 2’ಗಳಿವೆ, ಹಾಗಾಗಿ ಸಂಕೋಚಪಡದೆ ಬರೆಯಿರಿ.

1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಮಂಜುಗಡ್ಡೆ ತುಂಬಿದ ಕ್ಯಾರಿಯರನ್ನು ಹೆಗಲಿಗೆ ಹಾಕಿಕೊಂಡು ಹಿನ್ನೀರು ದಾಟಬೇಕು. ದಡಾರದ ಲಸಿಕೆಯನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಗುಡ್ಡಕ್ಕೊಂದು ಮನೆಯಿರುವ ನಿಮ್ಮ ಕಡೆ ಒಂದೇ ಕೂಸಿಗಾಗಿ ಬಾಟಲಿ ಒಡೆಯುತ್ತಿದ್ದರೇ, ಇಲ್ಲವೇ ತಾಯಂದಿರನ್ನು ಒಂದೆಡೆ ಸೇರಿಸುತ್ತಿದ್ದರೇ, ಸೇರಿಸುತ್ತಿದ್ದರೆ ಯಾರ ಮನೆಯ ಜಗುಲಿಯಲ್ಲಿ ಎಂದು ಆ ಊರಿನ ಹೆಂಗಸರನ್ನು ಕೇಳಿ. ನಿಮ್ಮ ಅಜ್ಜಿಯ ಸ್ವಭಾವ ಎಂಥದ್ದೆಂದು ಆ ಒಂದು ಉತ್ತರದಲ್ಲಿ ತಿಳಿಯುತ್ತದೆ.

ರಾತ್ರಿಯ ಹೆರಿಗೆಗಳ ಬಗ್ಗೆಯೂ ಕೇಳಲೇಬೇಕು. ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ಕಸ (ಮಾಸು) ಬೀಳದೆ ರಕ್ತ ಹೋಗತೊಡಗಿದರೆ, ಆ ದಂಡೆಯಲ್ಲಿದ್ದುದು ಚೀಲದೊಳಗಿನ ಒಂದೆರಡು ಚುಚ್ಚುಮದ್ದು ಮತ್ತು ಗರ್ಭಕೋಶ ಗಟ್ಟಿಯಾಗುವವರೆಗೆ ಹೊಟ್ಟೆಯನ್ನು ತಿಕ್ಕುತ್ತ ಕೂರುವ ಕೈ, ಅಷ್ಟೇ. ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರಲ್ಲಿ. ಅಷ್ಟರಲ್ಲಿ ನಮ್ಮ ತಲೆಮಾರಿನವರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದೆವು.

ಉತ್ತರ: ತುಮರಿ ಕಡೆಯವನು, ಈಗ ಬೆಂಗಳೂರು

ನಿಮ್ಮ ಅಜ್ಜಿ ಯಾರೆಂದು ನನಗೆ ಅಂದಾಜಾಗಿದೆ, ಆದರೆ ಇಲ್ಲಿ ಹೆಸರು ಹೇಳುವುದಿಲ್ಲ. ನಿಜಕ್ಕೂ ಆ ಹೆಸರು ನಮ್ಮೂರಿನಲ್ಲಿ ಬಹಳ ಮಂದಿಗೆ ಗೊತ್ತೂ ಇರಲಿಲ್ಲ. ‘ನರ್ಸಮ್ಮ’ ಎಂದರೆ ಸಾಕಿತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದ ಮೇಲೆ ಗದ್ದೆ ತೋಟ ಕಳೆದುಕೊಂಡವರು ಎಲ್ಲೆಲ್ಲಿಗೋ ಚದುರಿಹೋದರು, ಉಳಿದ ನಾವು ನೀರಿನ ಈಚೆ ಸಿಕ್ಕಿಕೊಂಡೆವು. ಮೇಷ್ಟ್ರು, ಪೋಸ್ಟಿನವರು ಮತ್ತು ನರ್ಸಮ್ಮ, ಈ ಮೂವರೇ ನಮಗೆ ದಿನನಿತ್ಯ ಕಾಣುತ್ತಿದ್ದ ಸರ್ಕಾರ. ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ ಎಂಬುದನ್ನು ಪುಸ್ತಿಕೆಯಲ್ಲಿ ಒಂದು ಸಾಲಿನಲ್ಲಾದರೂ ಸೇರಿಸಿ. ಈಗಿನ ಮಕ್ಕಳು ಆ ದಂಡೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ, ನಾವು ಲಾಂಚಿನ ವೇಳೆಯಲ್ಲಿ ಅಳೆಯುತ್ತಿದ್ದೆವು.

ನನ್ನ ತಾಯಿ ಇಂದಿಗೂ ಹೇಳುವ ಮಾತೊಂದಿದೆ. ಹೆರಿಗೆಯ ಮನೆಗೆ ಬಂದ ನರ್ಸಮ್ಮ ನೇರವಾಗಿ ಕೋಣೆಗೆ ನುಗ್ಗುತ್ತಿರಲಿಲ್ಲವಂತೆ. ಅಲ್ಲಿ ಆಗಲೇ ಇರುತ್ತಿದ್ದ ಸೂಲಗಿತ್ತಿ ಅಜ್ಜಿಯನ್ನು ಮಾತಾಡಿಸಿ, ನೋವು ಯಾವಾಗ ಶುರುವಾಯಿತೆಂದು ಅವರ ಬಾಯಿಂದಲೇ ಕೇಳಿ ತಿಳಿದು, ಬಿಸಿನೀರಿನಲ್ಲಿ ಸೋಪು ಹಚ್ಚಿ ತಮ್ಮ ಕೈಯನ್ನು ತೊಳೆದ ಮೇಲೆ ಅದೇ ಸೋಪನ್ನು ಏನೂ ಹೇಳದೆ ಅವರ ಕೈಗೂ ಕೊಡುತ್ತಿದ್ದರಂತೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ತಾಯಿಗೆ ಮೊದಲು ನೆನಪಾದದ್ದು ನಮ್ಮ ನರ್ಸಮ್ಮ ಮತ್ತು ಆ ಸೂಲಗಿತ್ತಿ ಅಜ್ಜಿ ಒಟ್ಟಿಗೆ ಕೂತಿರುತ್ತಿದ್ದ ರೀತಿ.

ಆಪರೇಷನ್ ವಿಷಯವನ್ನು ಮಾತ್ರ ಬಿಟ್ಟುಬಿಡಿ ಎಂದು ನನ್ನ ಸಲಹೆ. ವರ್ಷಾಂತಿಕದ ದಿನ ಊಟಕ್ಕೆ ಬಂದವರ ಕೈಗೆ ಕೊಡುವ ಪುಸ್ತಿಕೆಯಲ್ಲಿ ಹಳೆಯ ಗಾಯ ಕೆದಕುವುದರಿಂದ ಯಾರಿಗೂ ಉಪಕಾರವಿಲ್ಲ.

ಉತ್ತರ: ಇತಿಹಾಸದ ಮೇಷ್ಟ್ರು, ಶಿವಮೊಗ್ಗ

ಹಿಂದಿನ ಸಲಹೆಯ ಕಾಳಜಿಯನ್ನು ಗೌರವಿಸುತ್ತಲೇ ನಾನು ಬೇರೆ ಮಾತು ಹೇಳಬೇಕಾಗಿದೆ. ಇಷ್ಟು ಆಪರೇಷನ್ ಆಗಲೇಬೇಕೆಂಬ ಗುರಿ ತುರ್ತುಪರಿಸ್ಥಿತಿಗಿಂತ ಮೊದಲೂ ಇತ್ತು, 1977ರ ನಂತರವೂ ಉಳಿಯಿತು. ದೇಶಾದ್ಯಂತ ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ. ಅಂದರೆ ನಿಮ್ಮ ಅಜ್ಜಿಯ ಸೇವಾವಧಿಯ ಬಹುಪಾಲು ಆ ಒತ್ತಡದಲ್ಲಿಯೇ ಕಳೆದಿದೆ. ತುರ್ತುಪರಿಸ್ಥಿತಿಯಲ್ಲಿ ಗಂಡಸರ ಶಸ್ತ್ರಚಿಕಿತ್ಸೆಯ ಮೇಲೆ ಒತ್ತಾಯ ಮಿತಿಮೀರಿ, ಅದರ ವಿರುದ್ಧ ಸಿಟ್ಟೆದ್ದ ಮೇಲೆ, ಕುಟುಂಬ ಯೋಜನೆಯ ಭಾರವೆಲ್ಲ ಹೆಂಗಸರ ಮೈಮೇಲೆ ಬಿತ್ತು. ಹೆಂಗಸರನ್ನು ಒಪ್ಪಿಸಿ ಕರೆದೊಯ್ಯುವ ಕೆಲಸ ಎ.ಎನ್.ಎಂ.ಗಳದ್ದಾಯಿತು. ಹೆರಿಗೆ ಮಾಡಿಸಿದವರೇ ಆಪರೇಷನ್ನಿಗೂ ಕರೆಯಬೇಕಾಗಿ ಬಂದಾಗ ಅವರ ಬಗ್ಗೆ ಊರಿನ ನಂಬಿಕೆ ಏನಾಯಿತು, ಅದನ್ನು ಅವರು ಹೇಗೆ ಉಳಿಸಿಕೊಂಡರು ಅಥವಾ ಎಲ್ಲಿ ಕಳೆದುಕೊಂಡರು ಎಂಬುದು ಅವರ ವೃತ್ತಿಜೀವನದ ಅತ್ಯಂತ ಕಠಿಣ ಭಾಗ. ಅದನ್ನು ಬಿಟ್ಟರೆ ಉಳಿಯುವುದು ಮತ್ತೆ ನಿಮ್ಮ ಸೋದರಮಾವನ ಪುಟವೇ. ಸಿಟ್ಟಿರುವ ಹಿರಿಯರನ್ನು ನೀವೇ ಹೋಗಿ ಕಾಣಿ, ಅವರು ಹೇಳಿದ್ದನ್ನು ವಾದಿಸದೆ ಬರೆದುಕೊಳ್ಳಿ.

ಹೆರಿಗೆಯ ಪುಸ್ತಕಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಲ್ಲಿ ಹೆಂಗಸರ ಹೆಸರು, ಜಾತಿ, ಎಷ್ಟನೆಯ ಬಸಿರು, ಸತ್ತು ಹುಟ್ಟಿದ ಕೂಸು, ಎಲ್ಲವೂ ಇರುತ್ತದೆ. ಗರ್ಭಪಾತದ ವಿವರವಿದ್ದರೆ ಅದನ್ನು ಗೋಪ್ಯವಾಗಿಡಬೇಕೆಂದು ಕಾನೂನೇ ಹೇಳುತ್ತದೆ. ಆ ಪುಟಗಳ ಚಿತ್ರ ತೆಗೆದು ಅಚ್ಚು ಹಾಕುವುದಾಗಲಿ, ವಾಟ್ಸಾಪ್ ಗುಂಪಿಗೆ ಕಳುಹಿಸುವುದಾಗಲಿ ಬೇಡ. ಯಾವ ತಿಂಗಳಲ್ಲಿ ಹೆರಿಗೆ ಹೆಚ್ಚು, ಮಳೆಗಾಲದಲ್ಲಿ ಎಷ್ಟು ದೂರದ ಊರಿಗೆ ಹೋಗಿದ್ದರು ಎಂಬಂಥ ಸಂಗತಿಗಳನ್ನು ಹೆಸರಿಲ್ಲದೆ ಬಳಸಿಕೊಳ್ಳಬಹುದು.

ಹಿರಿಯರಿಗೆ ಇಸವಿ ನೆನಪಿರದಿದ್ದರೆ ಬೇಸರಪಡಬೇಡಿ. ‘ಅಣೆಕಟ್ಟು ತುಂಬಿದ ಮೇಲೋ, ಮೊದಲೋ?’, ‘ದಾಕು (ಸಿಡುಬಿನ ಲಸಿಕೆ) ಹಾಕುವವರು ಬರುವುದು ನಿಂತ ಮೇಲೋ?’, ‘ಪೋಲಿಯೋ ಹನಿಯ ಭಾನುವಾರಗಳು ಶುರುವಾಗಿದ್ದವೋ?’ ಎಂದು ಕೇಳಿ. ದೇಶದ ಕೊನೆಯ ಸಿಡುಬಿನ ಪ್ರಕರಣ 1975ರದ್ದು, ಪಲ್ಸ್ ಪೋಲಿಯೋ 1995ರದ್ದು. ಇವುಗಳ ನಡುವೆ ಘಟನೆಯನ್ನು ಕೂರಿಸಬಹುದು.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ವಂದನೆಗಳು. ಆಪರೇಷನ್ ವಿಷಯವನ್ನು ಬರೆಯುವುದೆಂದು ತೀರ್ಮಾನಿಸಿದ್ದೇನೆ. ತುಮರಿಯ ಅಣ್ಣನವರು ಬೇಸರಿಸಬಾರದು. ಊಟದ ದಿನ ಹಂಚದೆ, ಅನಂತರ ಮನೆಮನೆಗೆ ಹೋಗಿ ಪುಸ್ತಿಕೆ ಕೊಡುವ ಆಲೋಚನೆಯಿದೆ. ನಿವೃತ್ತಿಯ ನಂತರದ ಭಾಗ ಬರೆಯುವುದು ಸುಲಭ, ಅದನ್ನು ನಾನೇ ಕಂಡಿದ್ದೇನೆ. 2018ರ ಕೊನೆಗೆ ಅರಳಗೋಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಪರಿಚಯದವರು ಸಾಗರದ ನಮ್ಮ ಮನೆಗೆ ಬಂದು, ಲಸಿಕೆ ಹಾಕಿಸಿಕೊಳ್ಳಬೇಕೋ ಬೇಡವೋ ಎಂದು ಡಾಕ್ಟರರನ್ನು ಬಿಟ್ಟು ಅಜ್ಜಿಯನ್ನು ಕೇಳುತ್ತಿದ್ದರು.

ಉಳಿದಿರುವುದು ನನ್ನ ತಾಯಿಯ ಮಾತು. ಅಜ್ಜಿ ಆಚೆ ದಂಡೆಯಲ್ಲಿದ್ದಾಗ ಅಮ್ಮ ಸಾಗರದಲ್ಲಿ ಮುತ್ತಜ್ಜಿಯ ಬಳಿ ಬೆಳೆದವರು. ಕೇಳಿದರೆ ‘ಅವಳು ಊರಿಗೆಲ್ಲ ಅಮ್ಮ’ ಎಂದಷ್ಟೇ ಹೇಳಿ ಎದ್ದುಹೋಗುತ್ತಾರೆ. ಅವರನ್ನು ಮತ್ತೆ ಕೇಳಬಹುದೇ?

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ತೀರ್ಥಹಳ್ಳಿ

ಕೇಳಿ, ಆದರೆ ‘ನಿನಗೆ ಬೇಸರವಿತ್ತೇ’ ಎಂದು ಕೇಳಬೇಡಿ. ಅಜ್ಜಿ ಯಾವ ವಾರ ಮನೆಗೆ ಬರುತ್ತಿದ್ದರು, ಬರುವಾಗ ಏನು ತರುತ್ತಿದ್ದರು, ಬರುತ್ತೇನೆಂದು ಹೇಳಿ ಬಾರದ ಹಬ್ಬ ಯಾವುದು ಎಂದು ಕೇಳಿ. ನನ್ನ ಮಗಳೂ ಅಜ್ಜಿಯ ಮನೆಯಲ್ಲಿಯೇ ಬೆಳೆದವಳು. ಉಪಕೇಂದ್ರದ ವಸತಿಯಲ್ಲಿ ಮಗುವನ್ನಿಟ್ಟುಕೊಂಡು ನಡುರಾತ್ರಿ ಕರೆಯಲು ಬಂದವರ ಹಿಂದೆ ಹೋಗುವುದು ನಮ್ಮಲ್ಲಿ ಬಹಳ ಮಂದಿಗೆ ಆಗದ ಮಾತಾಗಿತ್ತು. ನಿಮ್ಮ ತಾಯಿ ಸಿಟ್ಟಿನಿಂದ ಏನಾದರೂ ಹೇಳಿದರೆ ಅದನ್ನು ತಿದ್ದದೆ ಅವರ ಮಾತಿನಲ್ಲಿಯೇ ಇಡಿ. ಅಚ್ಚಿಗೆ ಕೊಡುವ ಮೊದಲು ಆ ಪುಟಗಳನ್ನು ಅವರಿಗೆ ಓದಿ ಹೇಳಿ, ಅವರು ಬೇಡವೆಂದ ಸಾಲನ್ನು ಮರುಮಾತಿಲ್ಲದೆ ತೆಗೆದುಬಿಡಿ.